ಮುಳ್ಳು ಮಧ್ಯದಲ್ಲೇ ಇದೆ ಭಾವ

ತುಮಕೂರಿಂದ ಹೊರಟು ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಕಡೆಗೆ, ಪಿಕಪ್ಪಿನ ಹಿಂದೆ ಜಾತ್ರೆಯ ಜನರೇಟರನ್ನೋ ಕಾಂಕ್ರೀಟ್ ಮಿಕ್ಸರನ್ನೋ ಕಟ್ಟಿಕೊಂಡು ಹೋಗುವವರ ಧೈರ್ಯವೆಲ್ಲ ನಿಂತಿರುವುದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳಿನ ಮೇಲೆ. ಆ ಮುಳ್ಳೋ, ತಲೆತನಕ ಸಾಲ ಮಾಡಿ ಮಗಳ ಮದುವೆಗೆ ನಿಂತ ಯಜಮಾನನ ಹಾಗೆ, ಕೊನೇ ಗಳಿಗೆಯವರೆಗೂ ‘ಎಲ್ಲಾ ಚೆನ್ನಾಗಿದೆ, ಬನ್ನಿ ಊಟಕ್ಕೆ’ ಅನ್ನುತ್ತಿರುತ್ತದೆ. ನೀರು 80 ಡಿಗ್ರಿ ಇದ್ದಾಗಲೂ ಮಧ್ಯ, 105 ಆದಾಗಲೂ ಮಧ್ಯ. ಬಹಳಷ್ಟು ಗಾಡಿಗಳಲ್ಲಿ ಅದನ್ನು ಬೇಕೆಂದೇ ಹಾಗೆ ಪಳಗಿಸಿರುತ್ತಾರೆ. ಚೂರು ಅಲ್ಲಾಡಿದರೂ ಗಿರಾಕಿ ಗಾಬರಿಯಾಗಿ ಸರ್ವೀಸ್ ಸೆಂಟರಿಗೆ ಬಂದು ಕೂರುತ್ತಾನಲ್ಲ!

ಅದಕ್ಕೇ ಓಬಿಡಿ ಡಾಂಗಲ್, ಅಂದರೆ ಗಾಡಿಯ ಕಂಪ್ಯೂಟರಿನಿಂದ ಅಸಲಿ ಅಂಕಿ ಓದಿ ಬ್ಲೂಟೂತಿನಲ್ಲಿ ಫೋನಿನ ಆ್ಯಪ್‌ಗೆ ಕಳಿಸುವ ಪುಟ್ಟ ಸಾಧನ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದನ್ನು ಹುಡುಕಲು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಪೆಡಲ್‌ಗಳ ನಡುವೆ ತಲೆ ತೂರಿಸಬೇಕು. ಆ ಭಂಗಿಯಲ್ಲಿ ಕಂಡವರು ಕಾರಣ ಕೇಳದೆ ಹೋಗುವುದಿಲ್ಲ. ಡಾಂಗಲ್ ನೇರ ಚುಚ್ಚಿದರೆ ಕ್ಲಚ್ ತುಳಿಯುವ ಮಂಡಿಗೆ ಬಡಿದು ಸಡಿಲವಾಗುತ್ತದೆ, ಒಂದು ಚಪ್ಪಟೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಪಕ್ಕಕ್ಕೆ ಕಟ್ಟಿ. ಬ್ಲೂಟೂತ್ ಪಿನ್ ಸಾಮಾನ್ಯವಾಗಿ 1234 ಅಥವಾ 0000. ನೆಟ್‌ವರ್ಕ್ ಸತ್ತ ಕಡೆಯೂ ಇದು ಕೆಲಸ ಮಾಡುತ್ತದೆ, ಯಾಕೆಂದರೆ ಮಾತುಕತೆ ಗಾಡಿಗೂ ಫೋನಿಗೂ ಮಾತ್ರ. ಹದಿನಾರನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಸದಾ ಬರುತ್ತಿರುತ್ತದೆ. ಡಾಂಗಲ್ ಮರೆತು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ, ಆಮೇಲೆ ತಳ್ಳಲು ಬೀದಿಯವರನ್ನೆಲ್ಲ ಕರೆಯಬೇಕಾದೀತು.

ಇನ್ನು ಪಕ್ಕದ ಸೀಟಿನ ಭಾವಮೈದ. ಫೋನಿನ ಪರದೆ ಕಂಡ ತಕ್ಷಣ ಅವನಿಗೆ ಅದರಲ್ಲಿ ಇಪ್ಪತ್ತು ಮೀಟರ್ ಬೇಕು. ಅಗ್ಗದ ಡಾಂಗಲ್ ಸೆಕೆಂಡಿಗೆ ನಾಲ್ಕಾರು ಪ್ರಶ್ನೆಗಷ್ಟೇ ಉತ್ತರ ತರುತ್ತದೆ. ಇಪ್ಪತ್ತು ಕೇಳಿದರೆ ಹಿಂದಿನ ತಿರುವಿನ ಸುದ್ದಿಯನ್ನು ಈ ತಿರುವಿನಲ್ಲಿ ಹೇಳುತ್ತದೆ. ನಾಲ್ಕು ಸಾಕು: ಕೂಲೆಂಟ್ (ಎಂಜಿನ್ ತಣಿಸುವ ನೀರು) ಟೆಂಪರೇಚರ್, ಎಂಜಿನ್ ಲೋಡ್ (ಎಂಜಿನ್ ಎಷ್ಟು ದುಡಿಯುತ್ತಿದೆ), ಒಳಗೆ ಎಳೆಯುವ ಗಾಳಿಯ ಶಾಖ, ವೋಲ್ಟೇಜ್.

ಅಂಕಿಗಿಂತ ಅದು ಯಾವಾಗ ಏರುತ್ತದೆ ಅನ್ನುವುದನ್ನು ನೋಡಿ. ಏರಿನಲ್ಲಿ ಹತ್ತಿ ಸಮತಟ್ಟಿನಲ್ಲಿ ಇಳಿದರೆ ಅದು ಹಿಂದಿನ ಭಾರದ ಕೆಲಸ, 100–105ರವರೆಗೆ ಗಾಬರಿ ಬೇಡ. ಮಧುಗಿರಿ ಸಂತೆಯ ಜನರ ನಡುವೆ ನಿಂತಾಗ ಹತ್ತಿ, ಓಡುವಾಗ ಇಳಿದರೆ ಫ್ಯಾನ್ ಅಥವಾ ಅದರ ರಿಲೇ ಹೋಗಿದೆ. ಸಮತಟ್ಟು ರಸ್ತೆಯಲ್ಲಿ ಓಡುತ್ತಲೇ ಏರಿದರೆ ಕೂಲೆಂಟ್ ಕಡಿಮೆಯಾಗಿದೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ, ಇಲ್ಲವೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ.

110 ಮುಟ್ಟಿತೆಂದರೆ ಎಸಿ ಆಫ್, ಗೇರ್ ಒಂದು ಕೆಳಕ್ಕೆ, ವೇಗ ಕಡಿಮೆ, ಹೀಟರ್ ಫುಲ್. ಹೌದು, ಮೇ ತಿಂಗಳಲ್ಲಿ, ಪಾವಗಡದ ಬಿಸಿಲಲ್ಲಿ, ಹೀಟರ್. ಅದೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಶಾಖವನ್ನು ನಿಮ್ಮ ಮುಖಕ್ಕೆ ವರ್ಗಾಯಿಸುತ್ತದೆ. ಇಲ್ಲೊಂದು ತಮಾಷೆ ಇದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಡೆಸುವಷ್ಟು ಬಿಸಿಲು ಗಾಜಿನ ಹಿಂದಿನ ಫೋನಿನ ಮೇಲೂ ಬೀಳುತ್ತದೆ, ಅದಕ್ಕಾಗಿ ಜಾಣರು ಫೋನನ್ನು ಎಸಿ ಕಿಂಡಿಗೆ ಸಿಕ್ಕಿಸಿರುತ್ತಾರೆ. ಹೀಟರ್ ಹಾಕಿದ ಕೂಡಲೇ ಅದೇ ಕಿಂಡಿಯಿಂದ ಬಿಸಿಗಾಳಿ. ಎಂಜಿನ್ನಿನ ಜ್ವರ ನೋಡಬೇಕಾದ ಫೋನು ತನಗೇ ಜ್ವರ ಬಂದು ಆಫ್ ಆಗುತ್ತದೆ. ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿಕೊಳ್ಳಿ.

ಅಷ್ಟಾದರೂ ಏರುತ್ತಿದ್ದರೆ ಬದಿಗೆ ಹಾಕಿ ಎರಡು ನಿಮಿಷ ಐಡ್ಲಿಂಗ್ ಬಿಡಿ, ಟರ್ಬೊ ತಣಿಯಲಿ. ಆಗಲೂ ಅಂಕಿ ಹತ್ತುತ್ತಿದ್ದರೆ ಎಂಜಿನ್ ನಿಲ್ಲಿಸಿ. ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿ. ಕೂಲೆಂಟ್ 100 ದಾಟಿಯೂ ಕುದಿಯದೆ ಇರುವುದು ಒಳಗಿನ ಒತ್ತಡದಿಂದ. ಮುಚ್ಚಳ ತಿರುಗಿಸಿದರೆ ಒತ್ತಡ ಬಿದ್ದು ಅಷ್ಟೂ ಒಮ್ಮೆಲೇ ಕುದ್ದು ಕೈಮುಖಕ್ಕೆ ಹಾರುತ್ತದೆ.

ಇದಕ್ಕಿಂತ ಅಪಾಯದ ಗಳಿಗೆ ಅಂದರೆ 112 ಇದ್ದದ್ದು ಸರ್ರನೆ 85ಕ್ಕೆ ಬಿದ್ದು, ಭಾವಮೈದ ‘ಇಳೀತು ಭಾವ, ಹೊಡೀರಿ!’ ಅಂದಾಗ. ಏರಿನ ನಡುವೆ ಅಷ್ಟು ಬೇಗ ಯಾವ ಎಂಜಿನ್ನೂ ತಣ್ಣಗಾಗುವುದಿಲ್ಲ. ಹೋಸ್ ಬಿಟ್ಟು ನೀರು ಸೋರಿ, ಸೆನ್ಸರ್ ನೀರಿಲ್ಲದೆ ಬರೀ ಗಾಳಿಯಲ್ಲಿ ನಿಂತಿದೆ ಅಂತ ಅರ್ಥ. ಆಗಲೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ಟಿನ ಬಿಲ್ಲು ಬರುತ್ತದೆ.

ವೋಲ್ಟೇಜ್ ವಿಷಯ ಚಿಕ್ಕದು. ಓಡುವಾಗ 13.5ರಿಂದ 14.5 ಇರಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಾನೇ ಆಗಾಗ ಇಳಿಸುವುದುಂಟು; ಹೆಡ್‌ಲೈಟ್ ಹಾಕಿದ ಮೇಲೂ 12.3ರಲ್ಲೇ ಕೂತು ಇಳಿಯುತ್ತಿದ್ದರೆ ಬೆಲ್ಟ್ ನೋಡಿ.

ಚೆಕ್ ಎಂಜಿನ್ ದೀಪ ಬಂದರೆ ಭಾವಮೈದನ ಬೆರಳು ‘ಕ್ಲಿಯರ್’ ಗುಂಡಿಯತ್ತಲೇ ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ದೋಷದ ಕೋಡ್ ಅಳಿಸಿದರೆ, ದೋಷ ಬಂದ ಗಳಿಗೆಯಲ್ಲಿ ಶಾಖ, ವೇಗ, ಲೋಡ್ ಎಷ್ಟಿತ್ತೆಂಬ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ಮೆಕ್ಯಾನಿಕ್‌ಗೆ ‘ಏನೋ ಪಿ ಅಂತ ಶುರುವಾಗ್ತಿತ್ತು ಅಣ್ಣ’ ಅಂದರೆ ಪ್ರಯೋಜನವಿಲ್ಲ, ಎಲ್ಲಾ ಎಂಜಿನ್ ಕೋಡೂ ಪಿ ಇಂದಲೇ ಶುರು. ದೀಪ ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಜೋರು ಮಿಸ್‌ಫೈರ್, ಅಂದರೆ ಎಂಜಿನ್ನಿನೊಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬದಿಗೆ ನಿಲ್ಲಿಸಿ.

ಇಷ್ಟೆಲ್ಲ ಹೇಳುವ ಪರದೆಗೆ ಹಿಂದೆ ಕಟ್ಟಿದ ಮಿಕ್ಸರ್ ಇದೆಯೋ ಇಲ್ಲವೋ ಗೊತ್ತಿಲ್ಲ. ಮಧುಗಿರಿಯಲ್ಲಿ ಚಹಾಕ್ಕೆ ನಿಂತಾಗ ಅದರ ಚಕ್ರದ ಹಬ್ಬುಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗಿನ ಗ್ರೀಸ್ ಮುಗಿದಿರಬಹುದು, ಚಹಾ ಇನ್ನೊಂದು ಹೇಳಿ ಜಾಕ್ ಇಳಿಸಿ.