ಆ ವಿಡಿಯೊದಲ್ಲಿರುವುದು ರಣಹದ್ದುಗಳಲ್ಲ

‘ಬೆಂಗಳೂರಿಗೆ ರಣಹದ್ದುಗಳು ಮರಳಿವೆ’ ಎಂಬ ಒಕ್ಕಣೆಯೊಂದಿಗೆ, ಕಸದ ರಾಶಿಯ ಮೇಲೆ ಹಕ್ಕಿಗಳು ಗಿರಕಿ ಹೊಡೆಯುವ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನಿಜವಾಗಿದ್ದರೆ ಎಷ್ಟು ಸಂತೋಷವಾಗುತ್ತಿತ್ತು! ಆದರೆ ಅವು ನಾವು ದಿನವೂ ಕಾಣುವ ಕರಿ ಹದ್ದುಗಳು.

ಬಾಲವನ್ನು ನೋಡಿ. ಹದ್ದಿನ ಬಾಲ ಉದ್ದ, ತುದಿಯಲ್ಲಿ ಕವಲು. ಹಾರುವಾಗ ಅದನ್ನು ಚುಕ್ಕಾಣಿಯಂತೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಇರುತ್ತದೆ. ಬಾಲವನ್ನು ಪೂರ್ತಿ ಬಿಡಿಸಿದಾಗ ಕವಲು ಮಾಯವಾಗುತ್ತದೆ. ಗೊಂದಲ ಹುಟ್ಟುವುದು ಬಹುಶಃ ಇಲ್ಲೇ. ಆಗಲೂ ಆ ಹೊರಳಾಟ ನಿಲ್ಲದು. ಉದ್ದ ಕೊಕ್ಕಿನ ರಣಹದ್ದಿನ ಬಾಲವೋ ಮೊಟಕು, ರೆಕ್ಕೆಗಳು ಬಹಳ ಅಗಲ. ಮೇಲೇಳುವ ಬಿಸಿಗಾಳಿ ಸಿಕ್ಕರೆ ರೆಕ್ಕೆ ಬಡಿಯದೆಯೇ ಬಹಳ ಹೊತ್ತು ತೇಲುತ್ತದೆ. ಈಜಿಪ್ಟ್ ರಣಹದ್ದಿನ ಬಾಲ ಬೆಣೆಯಾಕಾರ, ಗರುಡನದ್ದು ದುಂಡು.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಅಲ್ಲಿಯೂ ಅವು ಬೆರಳೆಣಿಕೆಯಷ್ಟೇ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿದ ಮೇಲೂ ಚೇತರಿಕೆ ತೀರಾ ನಿಧಾನ. ಹೀಗಿರುವಾಗ ‘ಮರಳಿವೆ’ ಎಂಬ ಸುಳ್ಳು ನೆಮ್ಮದಿ ಹಾನಿಯನ್ನೇ ಮಾಡುತ್ತದೆ. ವಿಡಿಯೊ ಹಂಚಿದವರು ದಯವಿಟ್ಟು ಈ ತಿದ್ದುಪಡಿಯನ್ನೂ ಅದೇ ಗುಂಪುಗಳಿಗೆ ಕಳುಹಿಸಿ.