ಗಿಟಾರ್ ಕ್ಲಾಸಿನಲ್ಲಿ ಯಾರು ಮುಂದೆ, ಯಾರು ಹಿಂದೆ?

"ಗಿಟಾರ್ ಬಾರಿಸೋಕೆ ಬರೋರನ್ನ ಒಂದು ಬ್ಯಾಚ್, ಬರದವರನ್ನ ಒಂದು ಬ್ಯಾಚ್ ಮಾಡಿಬಿಡಿ ಸರ್, ನಿಮಗೂ ಆರಾಮ" ಅಂತ ಸಲಹೆ ಕೊಡುವವರು ಜಾಸ್ತಿ. ರಾಯಚೂರಿನ ಒಂದು ಶಾಲೆಯಲ್ಲಿ ಗಿಟಾರ್ ಕಲಿಸುವ ನನಗೆ ಇದು ಸುತಾರಾಂ ಒಪ್ಪಿಗೆ ಇಲ್ಲ.

ಬರುತ್ತೆ, ಬರಲ್ಲ ಅನ್ನೋದನ್ನ ಯಾವುದರಿಂದ ಅಳೆಯೋದು? ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಯೂಟ್ಯೂಬ್ ನೋಡಿ ಬಾರ್ ಕಾರ್ಡ್ ಕಲಿತು ಬಂದಿದ್ದಾನೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು; ಬಾರ್ ಕಾರ್ಡಿಗೆ ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕು. ತೋರುಬೆರಳು ಅಡ್ಡ ಮಲಗಿಸಿ ಎಫ್ ಕಾರ್ಡ್ ಹಿಡಿದರೆ ಒಂದು ತಂತಿಯೂ ಗೊರಗುಟ್ಟಲ್ಲ. ಆದರೆ ಎರಡು ಸಾಲು ಮುಗಿಯೋದರೊಳಗೆ ಎಲ್ಲರನ್ನೂ ಬಿಟ್ಟು ಓಡಿರುತ್ತಾನೆ. ಇನ್ನೊಬ್ಬ ಗಿಟಾರ್ ಮುಟ್ಟಿದ್ದೇ ಈ ವರ್ಷ. ಬೆರಳು ಇನ್ನೂ ನೋಯುತ್ತವೆ. ಆದರೆ ಊರಿನ ಭಜನೆಯಲ್ಲಿ ತಾಳ ಹಾಕಿ ಬೆಳೆದವನು, ಲಯ ಒಂಚೂರೂ ಅಲ್ಲಾಡಲ್ಲ. ಚರ್ಚಿನ ಕ್ವಾಯರ್‌ನಲ್ಲಿ ಹಾಡುವ ಹುಡುಗಿಗೆ ಕಾರ್ಡ್ ಎಲ್ಲಿ ಬದಲಾಗಬೇಕು ಅಂತ ಕಿವಿಗೇ ಗೊತ್ತಾಗುತ್ತೆ. ಈಗ ಹೇಳಿ, ಇವರಲ್ಲಿ ಯಾರು ಮೊದಲ ಬ್ಯಾಚ್?

ಅದಕ್ಕೇ ನಮ್ಮಲ್ಲಿ ಎಲ್ಲರಿಗೂ ಒಂದೇ ಹಾಡು, ಕೆಲಸ ಮಾತ್ರ ಬೇರೆ ಬೇರೆ. ಜಿ, ಸಿ, ಡಿ, ಇ ಮೈನರ್ ಅನ್ನೋ ಕಾರ್ಡ್‌ಗಳು ಇರುವ ಹಾಡು ಅಂದುಕೊಳ್ಳಿ. ಹೊಸಬರಿಗೆ ಕೆಳಗಿನ ಮೂರು ಸಣ್ಣ ತಂತಿ ಸಾಕು. ಅವನ್ನ ಏನೂ ಒತ್ತದೆ ಹಾಗೇ ಮೀಟಿದರೆ ಅದೇ ಇ ಮೈನರ್! ಮೊದಲನೇ, ಅಂದರೆ ತೀರಾ ಕೆಳಗಿನ ತಂತಿಯ ಮೂರನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಮನೆ) ಒತ್ತಿದರೆ ಜಿ. ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿದರೆ ಸಿ. ಎರಡಕ್ಕೂ ಒಂದೊಂದೇ ಬೆರಳು. ಡಿ ಬಂದಾಗ ನಾಲ್ಕನೇ ತಂತಿ ಒಂದನ್ನೇ ಮೀಟಿದರಾಯ್ತು. ಸ್ವಲ್ಪ ಪಳಗಿದವರು ಪೂರ್ತಿ ಕಾರ್ಡ್ ಹಿಡಿದು ಸ್ಟ್ರಮ್ ಮಾಡ್ತಾರೆ, ಅಂದರೆ ತಂತಿಗಳನ್ನ ಒಟ್ಟಿಗೆ ಸವರಿ ಬಾರಿಸ್ತಾರೆ.

ಯೂಟ್ಯೂಬ್ ಹುಡುಗನಿಗೆ ಐದನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಕೊಡ್ತೀನಿ. ಅಲ್ಲಿ ಬೆರಳಲ್ಲಿ ಡಿ ಕಾರ್ಡಿನ ಆಕಾರ ಹಿಡಿದರೆ ಜಿ ನುಡಿಯುತ್ತೆ, ಜಿ ಆಕಾರಕ್ಕೆ ಸಿ, ಎ ಆಕಾರಕ್ಕೆ ಡಿ. ಇ ಮೈನರ್‌ಗೆ ಬಿ ಮೈನರ್ ಆಕಾರ ಬೇಕು, ಅವನ ಬಾರ್ ಕಾರ್ಡಿನ ಚಟವೂ ತೀರುತ್ತೆ. ಭಜನೆ ಹುಡುಗ ನಡುವೆ ಕೂತು ಎಣಿಸ್ತಾನೆ. ತಾಳ ಹಾಕುವ ಮೆಟ್ರೋನೋಮ್ ಆ್ಯಪ್‌ಗಿಂತ ಅವನ ಮಾತನ್ನೇ ಜಾಸ್ತಿ ಕೇಳ್ತಾರೆ. ಆ್ಯಪ್ ಬೈಯಲ್ಲ ನೋಡಿ.

ಕಷ್ಟ ಇಲ್ಲ ಅಂತಲ್ಲ. ನಿಧಾನ ಕಲಿಯುವವರಿಂದ ನನಗೆ ತೊಂದರೆ ಇಲ್ಲ, ಗೋಳೆಲ್ಲ ಬರುವವರದ್ದೇ. "ಸರ್, ಇಂವಾ ಭಾಳ ಜೋರ್ ಬಾರಸ್ತಾನ್ರೀ, ನಂದು ನನಗ ಕೇಳಿಸವಲ್ದು" ಅಂತ ಯೂಟ್ಯೂಬ್ ಹುಡುಗನ ಮೇಲೆ ಉಳಿದವರದ್ದು ದಿನಾ ದೂರು. ಮೆಲ್ಲಗೆ ಬಾರಿಸೋದು ಎಫ್ ಹಿಡಿಯೋದಕ್ಕಿಂತ ಕಷ್ಟ ಅಂತ ಆ ಹುಡುಗನಿಗೆ ಈಗೀಗ ಅರ್ಥ ಆಗ್ತಿದೆ.

ಗಿಟಾರ್ ಶ್ರುತಿ ಮಾಡೋದು ಇನ್ನೊಂದು ಕಥೆ. ನಮ್ಮೂರ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತೆ. ತಗಡಿನ ಶೀಟಿನ ಕೋಣೆಯಲ್ಲಿ ಗಿಟಾರ್ ಇಟ್ಟರೆ ಶ್ರುತಿ ನಿಲ್ಲಲ್ಲ, ಅಂಟು ಬಿಟ್ಟು, ತಂತಿ ಸಿಕ್ಕಿಸುವ ಬ್ರಿಡ್ಜೇ ಎದ್ದು ಬರಬಹುದು. ಎಲ್ಲವನ್ನೂ ನಾನೇ ಶ್ರುತಿ ಮಾಡ್ತಾ ಕೂತರೆ ಪೀರಿಯಡ್ ಅಲ್ಲಿಗೇ ಮುಗಿಯುತ್ತೆ. ಈಗ ಆ ಕೆಲಸ ಕ್ವಾಯರ್ ಹುಡುಗಿಯದ್ದು. ಟ್ಯೂನರ್ ನೋಡೋದು ಕೊನೆಗೆ, ಮೊದಲು ಕಿವಿ. ಪಕ್ಕದಲ್ಲಿ ಇಬ್ಬರು ಚಿಕ್ಕವರು ನೋಡಿ ಕಲೀತಾರೆ. ಬ್ಯಾಚ್ ಒಡೆದಿದ್ದರೆ ಇದೆಲ್ಲ ಎಲ್ಲಿ ಆಗ್ತಿತ್ತು?

ಶಾಲೆಯ ವಾರ್ಷಿಕೋತ್ಸವ, ಅದೇ ಗ್ಯಾದರಿಂಗ್, ಬಂತು ಅಂದರೆ ಮಾತ್ರ "ಚೆನ್ನಾಗಿ ಬಾರಿಸೋ ನಾಲ್ಕು ಜನರನ್ನ ವೇದಿಕೆ ಹತ್ತಿಸಿ ಸಾಕು" ಅನ್ನೋ ಮಾತು ಶುರು. ನಾನು ಒಪ್ಪಲ್ಲ. ಹತ್ತಿದರೆ ಎಲ್ಲರೂ, ಮೂರು ತಂತಿಯವರೂ ಸೇರಿ. ಮೈಕ್ ಮುಂದೆ ಭಜನೆ ಹುಡುಗ.

ಶಾಲೆಗೆ ಗಿಟಾರ್ ಕೊಡಿಸ್ತೀವಿ ಅಂತ ಕೆಲವು ಪಾಲಕರು ಕೇಳಿದ್ದೀರಿ. ಗಿಟಾರ್ ಸದ್ಯಕ್ಕೆ ಬೇಡ. ನಾಲ್ಕು ಕೇಪೋ ಕೊಡಿಸಿ, ಜೊತೆಗೆ ತಂತಿ. ಅದರಲ್ಲೂ ಮೊದಲನೇ ತಂತಿ ಬಿಡಿಯಾಗಿ ಸಿಕ್ಕರೆ ನಾಲ್ಕು ಜಾಸ್ತಿನೇ ತನ್ನಿ, ಹರಿಯೋದೆಲ್ಲ ಅದೇ.