ಗೆದ್ದೆತ್ತಿನ ಬಾಲ, ಗೆದ್ದ ಸೈಕಲ್ಲಿನ ಹಿಂಚಕ್ರ

ಸೈಕಲ್ ರೇಸ್ ನೋಡುವವರ ಲೋಕದಲ್ಲಿ ಅಟ್ಯಾಕ್ ಅನ್ನುವುದು, ಅಂದರೆ ಗುಂಪು ಬಿಟ್ಟು ಏಕಾಏಕಿ ಮುಂದಕ್ಕೆ ನುಗ್ಗುವುದು, ಎರಡೇ ಹೊತ್ತಿನಲ್ಲಿ ನಡೆಯುತ್ತದೆ. ಒಂದು, ತೀರಾ ಬೇಗ. ಇನ್ನೊಂದು, ತೀರಾ ತಡ. ಸರಿಯಾದ ಹೊತ್ತಿಗೆ ಅಟ್ಯಾಕ್ ಮಾಡುವವನು ದಿನಕ್ಕೆ ಒಬ್ಬನೇ. ಅವನು ಯಾರು ಅಂತ ಗೊತ್ತಾಗುವುದು ಅವನು ಗೆರೆ ದಾಟಿದ ಮೇಲೆ. ಉಳಿದ ನೂರೈವತ್ತು ಚಿಲ್ಲರೆ ಮಂದಿ, ನಮ್ಮ ಪ್ರಕಾರ, ಗಡಿಯಾರ ನೋಡಲು ಬಾರದವರು.

ನಮ್ಮ ಪ್ರಕಾರ ಅಂದೆ. ಹೌದು, ನಾನೂ ಆ ಪೈಕಿಯೇ. ಟೂರ್ ಡಿ ಫ್ರಾನ್ಸ್ ಅಂದರೆ ದಿನಕ್ಕೊಂದರಂತೆ 21 ಸ್ಟೇಜ್, ಒಟ್ಟು 3,300 ಕಿ.ಮೀ. ಆಸುಪಾಸು. ಅವರು ಅಷ್ಟನ್ನೂ ತುಳಿಯುತ್ತಾರೆ, ನಾವು ಅಷ್ಟನ್ನೂ ಕೂತು ನೋಡುತ್ತೇವೆ. ಮೂರು ವಾರ ಮುಗಿಯುವಾಗ ಸುಸ್ತು ಯಾರಿಗೆ ಜಾಸ್ತಿ ಅಂತ ಕೇಳಬೇಡಿ. ನಮ್ಮ ಗುಂಪಿನಲ್ಲಿ ಅದರ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ.

ನಮ್ಮ ಕಾಯಿಲೆ ಏನು ಅಂತ ತಿಳಿಯಬೇಕಾದರೆ ಇಟಲಿಯ ಮೂರು ವಾರದ ರೇಸು, 2025ರ ಜಿರೋ ಡಿ ಇಟಾಲಿಯಾ ಸಾಕು. 20ನೇ ಸ್ಟೇಜ್. ಕೊಲ್ಲೆ ಡೆಲ್ಲೆ ಫಿನೆಸ್ತ್ರೆ ಎಂಬ ಬೆಟ್ಟ. ಹದಿನೆಂಟು ಕಿಲೋಮೀಟರಿಗೂ ಜಾಸ್ತಿ ಏರು, ಅದರಲ್ಲಿ ಮೇಲಿನ ಎಂಟು ಕಿಲೋಮೀಟರು ಡಾಂಬರೇ ಇಲ್ಲದ ಜಲ್ಲಿದಾರಿ. ಎಲ್ಲ ದಿನದ ಸಮಯ ಕೂಡಿಸಿದಾಗ ಮುಂದಿರುವವನು ತೊಡುವ ಗುಲಾಬಿ ಜೆರ್ಸಿ ಮೆಕ್ಸಿಕೊದ 21 ವರ್ಷದ ಹುಡುಗ ಇಸಾಕ್ ಡೆಲ್ ಟೋರೊ ಮೈಮೇಲೆ. ಅವನಿಗಿಂತ 43 ಸೆಕೆಂಡ್ ಹಿಂದೆ ಈಕ್ವೆಡಾರಿನ ರಿಚರ್ಡ್ ಕರಪಾಸ್. 1 ನಿಮಿಷ 21 ಸೆಕೆಂಡ್ ಹಿಂದೆ ಬ್ರಿಟನ್ನಿನ ಸೈಮನ್ ಯೇಟ್ಸ್. ಬೆಟ್ಟದಲ್ಲಿ ಯೇಟ್ಸ್ ಎದ್ದು ಹೊರಟ. ಹಿಂದುಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆಲ್ಲಬೇಕಾದವನು ನೀನು, ನೀನು ಮುಂದೆ ಹೋಗಿ ಎಳಿ ಅಂತ ಡೆಲ್ ಟೋರೊ ಲೆಕ್ಕ. ಜೆರ್ಸಿ ನಿಂದು, ನೀನೇ ಎಳಿ ಅಂತ ಕರಪಾಸ್ ಲೆಕ್ಕ. ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ಯೇಟ್ಸ್ ಮಾತ್ರ ಲೆಕ್ಕ ಬಿಟ್ಟು ಸೈಕಲ್ ತುಳಿದ. ಬೆಟ್ಟದ ಆಚೆ ಅವನ ತಂಡದ ವೌಟ್ ವಾನ್ ಆರ್ಟ್ ಬೇರೆ ಕಾದಿದ್ದ, ಬೆಳಿಗ್ಗೆಯೇ ಗುಂಪು ಬಿಟ್ಟು ಹೊರಟ ಕೆಲವರ ಬ್ರೇಕ್‌ಅವೇಯಲ್ಲಿ ಮುಂದೆ ಹೋಗಿ. ಕೊನೆಗೆ ಯೇಟ್ಸ್ ಜಿರೋ ಗೆದ್ದ, 3 ನಿಮಿಷ 56 ಸೆಕೆಂಡ್ ಅಂತರದಲ್ಲಿ.

ಈಗ ನಮ್ಮ ಸೋಫಾ ಕಡೆ ಬನ್ನಿ. ಯೇಟ್ಸ್ ಹೊರಟಾಗ ನನ್ನ ಗೆಳೆಯ ಹೇಳಿದ್ದು: "ಬಿಡೋ, ಅವನು ಸುಮ್ನೆ ಹೋಗ್ತಿದಾನೆ, ವಾಪಸ್ ಬರ್ತಾನೆ." ಡೆಲ್ ಟೋರೊ ಕದಲದೆ ಕೂತಾಗ ಹೇಳಿದ್ದು: "ನೋಡು, ಇಪ್ಪತ್ತೊಂದು ವಯಸ್ಸಿಗೆ ಎಂಥ ತಾಳ್ಮೆ!" ಅಂತರ ಎರಡು ನಿಮಿಷ ಆದಾಗ ಮೌನ. ಮೂರು ನಿಮಿಷ ಆದಾಗ ನೀರು ಕುಡಿಯಲು ಎದ್ದು ಹೋದ. ವಾಪಸ್ ಬಂದವನು ಬೇರೆಯೇ ಮನುಷ್ಯ. "ನಾನು ಮೊದಲೇ ಹೇಳಿದ್ನಲ್ಲಾ, ಈ ಹುಡುಗನಿಗೆ ತಲೆ ಇಲ್ಲ ಅಂತ." ನಾವು ಯಾರೂ ತಕರಾರು ಮಾಡಲಿಲ್ಲ. ಯಾಕೆಂದರೆ ನಾವೂ ಮೊದಲೇ ಹೇಳಿದ್ದೆವು.

ಗೆದ್ದೆತ್ತಿನ ಬಾಲ ಹಿಡಿಯುವುದು ಹಳೇ ಗಾದೆ. ಸೈಕಲ್ಲಿಗೆ ಬಾಲ ಇಲ್ಲ, ಹಿಂಚಕ್ರ ಇದೆ. ಅಷ್ಟೇ ವ್ಯತ್ಯಾಸ.

ಇನ್ನೂ ಒಂದು ಮಜಾ ಇದೆ. ಇದೇ ಬೆಟ್ಟದಲ್ಲಿ 2018ರಲ್ಲಿ ಗುಲಾಬಿ ಜೆರ್ಸಿ ತೊಟ್ಟಿದ್ದ ಇದೇ ಯೇಟ್ಸ್ ಕುಸಿದುಬಿದ್ದು ಅರ್ಧ ಗಂಟೆಗೂ ಜಾಸ್ತಿ ಕಳೆದುಕೊಂಡಿದ್ದ. ಕ್ರಿಸ್ ಫ್ರೂಮ್ 80 ಕಿ.ಮೀ. ಒಂಟಿಯಾಗಿ ಹೋಗಿ ಜಿರೋ ಕಿತ್ತುಕೊಂಡಿದ್ದ. ಹಾಗಾಗಿ ಬೆಳಿಗ್ಗೆ ನಮ್ಮ ಖಚಿತ ಅಭಿಪ್ರಾಯ, "ಯೇಟ್ಸ್‌ಗೆ ಈ ಬೆಟ್ಟ ಆಗಿಬರಲ್ಲ." ಸಂಜೆಯ ಖಚಿತ ಅಭಿಪ್ರಾಯ, "ಬೆಟ್ಟ ಹಳೇ ಸಾಲ ತೀರಿಸಿತು." ತಂತ್ರ ಕೈಕೊಟ್ಟರೆ ನಾವು ಜಾತಕಕ್ಕೆ ಇಳಿಯುತ್ತೇವೆ.

ತಂಡದ ಕಾರಿನಲ್ಲಿ ಕೂತ ಡೈರೆಕ್ಟರಿಗೆ ರೇಡಿಯೊ ಇದೆ, ನಕ್ಷೆ ಇದೆ, ಮುಂದಿನ ತಿರುವಿನಲ್ಲಿ ಗಾಳಿ ಯಾವ ಕಡೆ ಅನ್ನುವ ಮಾಹಿತಿಯೂ ಇದೆ. ಪಾಪ, ಫಲಿತಾಂಶ ಮಾತ್ರ ಇಲ್ಲ. ನಮ್ಮ ಹತ್ತಿರ ಅದಿದೆ.

ಗಾಳಿ ಅಂದೆನಲ್ಲ, ಈ ಆಟದ ಗುಟ್ಟೆಲ್ಲ ಅದರಲ್ಲೇ ಇರುವುದು. ಮುಂದೆ ಇರುವವನು ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತಾನೆ, ಹಿಂದಿನವನು ಅವನ ಬೆನ್ನಿನ ನೆರಳಲ್ಲಿ ಹಾಯಾಗಿರುತ್ತಾನೆ. ದೊಡ್ಡ ಗುಂಪಿನ ಹೊಟ್ಟೆಯೊಳಗೆ ಸರಿಯಾದ ಜಾಗ ಸಿಕ್ಕರೆ, ಒಂಟಿ ಸವಾರನಿಗೆ ತಗಲುವ ಗಾಳಿಯ ಹತ್ತರಲ್ಲಿ ಒಂದು ಪಾಲೂ ತಗಲುವುದಿಲ್ಲ ಅಂತ 2018ರಲ್ಲಿ ಗಾಳಿಸುರಂಗದಲ್ಲಿ ಅಳೆದು ಹೇಳಿದ್ದಾರೆ. ಅಂದರೆ ಈ ಆಟದಲ್ಲಿ ಜಾಣತನ ಎಂದರೆ ನಿಮ್ಮ ಕೆಲಸವನ್ನು ಪಕ್ಕದವನ ಕೈಲಿ ಮಾಡಿಸಿ, ಕೊನೆಯ ಇನ್ನೂರು ಮೀಟರಿನಲ್ಲಿ ಹೆಸರು ನಿಮ್ಮದು ಮಾಡಿಕೊಳ್ಳುವುದು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಯಾರಾದರೂ ಹಾಗೆ ಮಾಡಿದರೆ ನಮಗೆ ಸಿಟ್ಟು. "ಚಕ್ರಕ್ಕೆ ಅಂಟಿಕೊಂಡು ಬಂದ, ಒಂದು ಸಲನೂ ಎಳೀಲಿಲ್ಲ, ನಾಚಿಕೆ ಇಲ್ವಾ?" ಹಾಗೆ ಮಾಡದೆ ದಿನವಿಡೀ ಎಳೆದು ಸೋತರೆ? "ದಡ್ಡ. ಇವನಿಗ್ಯಾಕೆ ಬೇಕಿತ್ತು?"

ನಮ್ಮ ಗುಂಪಿನಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ಇದ್ದಾನೆ. ಅವನ ಬಾಯಲ್ಲಿ ಶಪಾಟ್ ಸೂತ್ರ ಮಂತ್ರದ ಹಾಗೆ ಬರುತ್ತದೆ. ರೊಬೇರ್ ಶಪಾಟ್ ಹಿಂದೆ ರೇಸ್ ಓಡಿಸಿ, ಆಮೇಲೆ ಫ್ರೆಂಚ್ ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು. ಮುಂದೆ ಹೋದ ಒಂಟಿ ಸವಾರನಿಂದ ಒಂದು ನಿಮಿಷ ಕಿತ್ತುಕೊಳ್ಳಲು ಹಿಂದಿನ ಗುಂಪಿಗೆ 10 ಕಿ.ಮೀ. ಬೇಕು ಅನ್ನುವುದು ಅವರ ಸೂತ್ರ. ಗುಂಪು ಲೆಕ್ಕದಂತೆ ಹಿಡಿದರೆ ಮೇಷ್ಟ್ರು ಕಾಲರ್ ಎತ್ತುತ್ತಾನೆ. ಹಿಡಿಯದಿದ್ದರೆ ಗುಂಪಿನವರು ಸೋಮಾರಿಗಳು. ಸೂತ್ರ ಮಾತ್ರ ಯಾವತ್ತೂ ಸೋತಿಲ್ಲ. ಬೆಟ್ಟ ಬಂದರೆ ಅವನು ವಾಟ್ ಲೆಕ್ಕಕ್ಕೆ, ಅಂದರೆ ತುಳಿತದ ಶಕ್ತಿಯ ಲೆಕ್ಕಕ್ಕೆ ಇಳಿಯುತ್ತಾನೆ. ಟಿವಿ ನೋಡಿಕೊಂಡೇ ಸವಾರನ ತೂಕ ಊಹಿಸಿ, ಗಾಳಿ ಊಹಿಸಿ, ಕೆಜಿಗೆ ಇಷ್ಟು ವಾಟ್ ಅಂತ ಎರಡು ದಶಮಾಂಶದವರೆಗೆ ಹೇಳುತ್ತಾನೆ. ಮನೆಯ ಮೆಟ್ಟಿಲು ಹತ್ತಿದರೆ ಅವನಿಗೆ ಏದುಸಿರು. ಅದರ ವಾಟ್ ಇನ್ನೂ ಯಾರೂ ಅಳೆದಿಲ್ಲ.

ಸೆಕೆಂಡುಗಳ ವಿಷಯಕ್ಕೆ ಬಂದರೆ ನಾವು ಕಿಲುಬು ಕಾಸು ಹುಡುಕುವ ಜಿಪುಣರು. 1989ರ ಟೂರ್. ಕೊನೆಯ ದಿನ ವರ್ಸೇಯಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ರೇಸ್. ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡ್ ಮುಂದೆ ಇದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಮುಂದೋಳು ಊರಿ ಬಾಗುವ ಟ್ರಯಥ್ಲಾನ್ ಹ್ಯಾಂಡಲ್ ಕಟ್ಟಿಕೊಂಡು ಬಂದ. ಒಟ್ಟು ಟೂರನ್ನು 8 ಸೆಕೆಂಡಿನಿಂದ ಗೆದ್ದ. ಫಿನ್ಯೋಂ ತಲೆಗೆ ಹೆಲ್ಮೆಟ್ ಇರಲಿಲ್ಲ, ಹಿಂದೆ ಪುಟ್ಟ ಜುಟ್ಟು ಹಾರಾಡುತ್ತಿತ್ತು. ಅಂದಿನಿಂದ ಇಂದಿನವರೆಗೆ, ಮೂರು ದಶಕ ದಾಟಿದರೂ, ಆ ಜುಟ್ಟು ಕತ್ತರಿಸಿದ್ದರೆ ಎಷ್ಟು ಸೆಕೆಂಡ್ ಉಳಿಯುತ್ತಿತ್ತು ಅನ್ನುವ ಚರ್ಚೆ ನಿಂತಿಲ್ಲ. ಅವನಿಗೆ ಆಗ ಕೂರುವ ಜಾಗದಲ್ಲಿ ಹುಣ್ಣಾಗಿತ್ತು, ಸೀಟಿನ ಮೇಲೆ ಕೂರಲೇ ಕಷ್ಟವಿತ್ತು. ಅದನ್ನು ಯಾರೂ ಎತ್ತುವುದಿಲ್ಲ. ಹುಣ್ಣು ಟಿವಿಯಲ್ಲಿ ಕಾಣುವುದಿಲ್ಲ, ಜುಟ್ಟು ಕಾಣುತ್ತದೆ.

ಎಂಟು ಸೆಕೆಂಡೇ ಕಡಿಮೆ ಅಂದುಕೊಂಡಿದ್ದೆವು. 2024ರ ಮಹಿಳೆಯರ ಟೂರ್ ನಾಲ್ಕೇ ಸೆಕೆಂಡಿಗೆ ಬಂದು ನಿಂತಿತು. ಕಾಸಿಯಾ ನಿವಿಯಾಡೊಮಾ ಗೆದ್ದಳು, ಡೆಮಿ ವೊಲೆರಿಂಗ್ ಸೋತಳು. ಟೂರಿನಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದ ವೊಲೆರಿಂಗ್ 5ನೇ ಸ್ಟೇಜಿನಲ್ಲಿ ಗೆರೆಗೆ ಸುಮಾರು 6 ಕಿ.ಮೀ. ಇರುವಾಗ ಬಿದ್ದಿದ್ದಳು. ಕೊನೆಯ ಕಿಲೋಮೀಟರುಗಳಲ್ಲಿ ಬಿದ್ದರೆ ಸಮಯ ಉಳಿಸಿಕೊಡುವ ನಿಯಮ ಇದೆ, ಅಷ್ಟು ದೂರಕ್ಕೆ ಅದು ಬರುವುದಿಲ್ಲ. ಅವಳ ತಂಡದ್ದೇ ಬ್ಲಾಂಕಾ ವಾಸ್ ಆ ದಿನ ಸ್ಟೇಜ್ ಗೆದ್ದಳು. ನಾಯಕಿ ರಸ್ತೆಯಲ್ಲಿ, ತಂಡದ ಹುಡುಗಿ ಕೈ ಎತ್ತಿಕೊಂಡು ಗೆರೆಯ ಮೇಲೆ. ನಮಗೆ ಇನ್ನೇನು ಬೇಕು? ಆ ನಾಲ್ಕು ಸೆಕೆಂಡಿಗಾಗಿ ನಾವು ಹುಡುಕದ ಜಾಗವಿಲ್ಲ. ಯಾರು ಕಾಯಬೇಕಿತ್ತು, ಬೋನಸ್ ಸೆಕೆಂಡ್ ಎಲ್ಲಿ ಬಿಟ್ಟುಹೋಯಿತು, ಯಾವ ತಿರುವಿನಲ್ಲಿ ಬ್ರೇಕ್ ಜಾಸ್ತಿ ಒತ್ತಿದಳು. ಎಂಟು ಸ್ಟೇಜನ್ನೂ ತಲೆಕೆಳಗು ಮಾಡಿ ಅಲ್ಲಾಡಿಸಿದೆವು. ನಮ್ಮ ಲೆಕ್ಕದಲ್ಲಿ ಒಟ್ಟು ಹತ್ತು ನಿಮಿಷದಷ್ಟು ಸಿಕ್ಕಿತು. ಅಷ್ಟು ಉಳಿಸಿದ್ದರೆ ಅವಳು ಸ್ಟೇಜ್ ಶುರುವಾಗುವ ಮೊದಲೇ ಮುಗಿಸಿರುತ್ತಿದ್ದಳೋ ಏನೋ.

ಸ್ಪ್ರಿಂಟ್ ಕಥೆ ಇನ್ನೂ ಸಣ್ಣದು. 2017ರ ಟೂರಿನಲ್ಲಿ ನ್ವಿ ಸೇಂಟ್ ಜಾರ್ಜ್ ಎಂಬಲ್ಲಿ ಮಾರ್ಸೆಲ್ ಕಿಟೆಲ್ ಎದುರಾಳಿ ಬೋಸನ್ ಹಾಗನ್ ವಿರುದ್ಧ ಗೆದ್ದದ್ದು 6 ಮಿಲಿಮೀಟರಿನಿಂದ. ಇನ್ನೂರು ಕಿಲೋಮೀಟರಿಗೂ ಜಾಸ್ತಿ ತುಳಿದು, ಒಂದು ಬೆರಳಿನ ಅಗಲವೂ ಇಲ್ಲದ ಅಂತರ. ಯಾರು ಗೆದ್ದರು ಅಂತ ಅವರಿಬ್ಬರಿಗೇ ಗೊತ್ತಿರಲಿಲ್ಲ, ಫೋಟೊ ನೋಡಬೇಕಾಯಿತು. ನಮ್ಮ ಸೋಫಾದಲ್ಲಿ ಆಮೇಲೆ ಇಬ್ಬರಿಗೂ ಗೊತ್ತಿತ್ತು. "ಬೋಸನ್ ಹಾಗನ್ ತುಂಬಾ ಬೇಗ ಶುರು ಮಾಡಿದ." "ಇಲ್ಲಪ್ಪಾ, ತಡ ಮಾಡಿದ." ಆರು ಮಿಲಿಮೀಟರಿನೊಳಗೆ ಬೇಗ ಮತ್ತು ತಡ ಎರಡಕ್ಕೂ ಜಾಗ ಮಾಡಿಕೊಟ್ಟವರು ನಾವು.

ಮತ್ತೆ ಸ್ಲೊವೇನಿಯಾದ ಸವಾರ ಪೊಗಾಚಾರ್. 2022ರ ಟೂರಿನಲ್ಲಿ ಗಾಲಿಬಿಯೆ ಬೆಟ್ಟದಲ್ಲಿ ಎದುರಾಳಿ ತಂಡದ ಇಬ್ಬರು ಸರದಿ ಮೇಲೆ ಅಟ್ಯಾಕ್ ಮಾಡಿದರು. ಇವನು ಒಂದೊಂದಕ್ಕೂ ಬೆನ್ನತ್ತಿದ. ನಾವು ಚಪ್ಪಾಳೆ ಹೊಡೆದೆವು. ಅದೇ ಸಂಜೆ ಗ್ರಾನೋಂ ಬೆಟ್ಟದಲ್ಲಿ ಕುಸಿದು ಆ ಇಬ್ಬರಲ್ಲಿ ಒಬ್ಬನಾದ ವಿಂಗೆಗೋಗೆ ಮೂರು ನಿಮಿಷದ ಹತ್ತಿರ ಕೊಟ್ಟ. ಚಪ್ಪಾಳೆ ಹೊಡೆದ ಕೈಯನ್ನೇ ಹಣೆಗೆ ಬಡಿದುಕೊಂಡು "ಅಹಂಕಾರ" ಎಂದೆವು. 2024ರಲ್ಲಿ ಅವನು ಜಿರೋ, ಟೂರ್ ಎರಡನ್ನೂ ಗೆದ್ದ. ಎಷ್ಟೋ ದೂರದಿಂದ ಒಂಟಿಯಾಗಿ ಹೋಗಿ ಗೆಲ್ಲತೊಡಗಿದ. ಯಾರೂ ದೂರದಿಂದ ಅಟ್ಯಾಕ್ ಮಾಡುವುದಿಲ್ಲ ಅಂತ ವರ್ಷಗಟ್ಟಲೆ ಗೋಳಾಡಿದವರು ನಾವೇ. ಈಗ ಅಂತೀವಿ: "ಬೋರು ಮಾರಾಯ, ಇನ್ನೂ ಇಷ್ಟು ದೂರ ಇರುವಾಗಲೇ ರೇಸ್ ಮುಗಿಸಿಬಿಡ್ತಾನೆ."

ಹಳೇ ಕಾಲದ ಅಭಿಮಾನಿಗಳಿಗಿಂತ ನಾವು ವಾಸಿ ಅಂತ ಮಾತ್ರ ಹೇಳಬಲ್ಲೆ. 1904ರ ಟೂರಿನಲ್ಲಿ ಸ್ಯಾಂತೆತಿಯೆನ್ ಹತ್ತಿರದ ಬೆಟ್ಟದಲ್ಲಿ ಸ್ಥಳೀಯ ಸವಾರನನ್ನು ಗೆಲ್ಲಿಸಲು ಜನ ರಾತ್ರಿ ಅಡ್ಡಗಟ್ಟಿ ಉಳಿದವರಿಗೆ ಹೊಡೆದಿದ್ದರು. ಆ ವರ್ಷ ಮೊದಲ ನಾಲ್ಕು ಸ್ಥಾನದವರೂ ಆಮೇಲೆ ಅನರ್ಹರಾಗಿ, ಕೊನೆಗೆ 19 ವರ್ಷದ ಆನ್ರಿ ಕೊರ್ನೆ ವಿಜೇತ ಅನಿಸಿಕೊಂಡ. ನಾವು ಬಾಯಲ್ಲೇ ಹೊಡೆಯುತ್ತೇವೆ, ಅದೂ ಕೂತಲ್ಲಿಂದ.

ಮೊನ್ನೆ ಒಂದು ಸಪಾಟು ಸ್ಟೇಜ್. ಇನ್ನೂ 140 ಕಿ.ಮೀ. ಬಾಕಿ. ಹಳದಿ ಜೆರ್ಸಿಯವನು ರಸ್ತೆ ಪಕ್ಕ ಸೈಕಲ್ ನಿಲ್ಲಿಸಿದ. ಗುಂಪೆಲ್ಲ ನಿಧಾನವಾಯಿತು. ನಾವು ನಾಲ್ವರೂ ಮುಂದಕ್ಕೆ ಬಾಗಿದೆವು. ಏನೋ ತಂತ್ರ ಇರಬೇಕು ಎಂದ ಒಬ್ಬ. ಎದುರಾಳಿಗಳನ್ನು ಅಳೆಯುತ್ತಿದ್ದಾನೆ ಎಂದ ಇನ್ನೊಬ್ಬ. ಮೇಷ್ಟ್ರು ಗಾಳಿಯ ದಿಕ್ಕು ಲೆಕ್ಕ ಹಾಕಿದ. ಕ್ಯಾಮೆರಾ ಮರ್ಯಾದೆಯಿಂದ ಪಕ್ಕದ ಸೂರ್ಯಕಾಂತಿ ಹೊಲದ ಕಡೆ ತಿರುಗಿತು. ನಾಯಕ ಮೂತ್ರಕ್ಕೆ ನಿಂತಾಗ ಯಾರೂ ಅಟ್ಯಾಕ್ ಮಾಡಬಾರದು ಅನ್ನುವುದು ಸವಾರರ ನಡುವಿನ ಹಳೇ ಪದ್ಧತಿ. ಒಂದು ನಿಮಿಷದಲ್ಲಿ ಅವನು ಮತ್ತೆ ಸೈಕಲ್ ಹತ್ತಿ ಗುಂಪು ಸೇರಿಕೊಂಡ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಗೆಳೆಯ ತಲೆ ಅಲ್ಲಾಡಿಸಿದ.

"ತುಂಬಾ ಬೇಗ ನಿಂತ."